ಕತ್ತಲೆ ಕೋಣೆಯ ಬೆಳೆ: ಅಣಬೆ ಬೇಸಾಯದ ಕಥೆ ಮತ್ತು ನಮ್ಮ ಮಾವನ ಶೆಡ್ಡು

ತುಂಬಾ ದಿನಗಳಿಂದ ಇಲ್ಲಿ ಏನೂ ಬರೆದಿರಲಿಲ್ಲ. ಆಫೀಸಿನಲ್ಲಿ ರಿಲೀಸ್ ಮೇಲೆ ರಿಲೀಸ್, ಜೊತೆಗೆ ನನ್ನ ಮಾಮೂಲಿ ಸೋಮಾರಿತನ. ಆದರೆ ಕಳೆದ ಯುಗಾದಿಗೆ ಊರಿಗೆ ಹೋದಾಗ ಮಾವ ಕೇಳಿದ ಒಂದು ಪ್ರಶ್ನೆ ತಲೆಯಿಂದ ಇಳಿಯುತ್ತಲೇ ಇಲ್ಲ. ಅದಕ್ಕೆ ಉತ್ತರ ಹುಡುಕಲು ಹೋಗಿ ಎಲ್ಲಿಂದ ಎಲ್ಲಿಗೋ ಓದಿಕೊಂಡು ಹೋದೆ. ಓದಿದ್ದನ್ನೆಲ್ಲ ಒಂದು ಕಡೆ ಬರೆದಿಡೋಣ ಅಂತ ಈ ಬರಹ. ಸ್ವಲ್ಪ ಉದ್ದವಾಗಿದೆ, ಸಹಿಸಿಕೊಳ್ಳಿ :-)

ನಮ್ಮ ಮಾವನ ಊರು ಕೆ.ಆರ್.ನಗರದ ಹತ್ತಿರ. ಕಾವೇರಿ ನಾಲೆಯ ನೀರು, ಭತ್ತದ ಗದ್ದೆ. ಹಬ್ಬದ ಊಟ ಮುಗಿಸಿ ಜಗಲಿ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಾ ಮಾವ ಕೇಳಿದರು: "ಏನಪ್ಪಾ ಇಂಜಿನಿಯರ್ರೇ, ಆ ಅಣಬೆ ಶೆಡ್ಡನ್ನ ಮತ್ತೆ ಶುರು ಮಾಡಾಣ ಅಂತೀಯಾ? ಇಲ್ಲಾ ಕಿತ್ತಾಕಿ ಹಸ ಕಟ್ಟಾಣ್ವಾ?"

ಅತ್ತೆ ಒಳಗಿನಿಂದಲೇ, "ಹಸ ಕಟ್ಟಿ, ಹಾಲಾದ್ರೂ ಬತ್ತದೆ" ಅಂದರು. ಎಲ್ಲರೂ ನಕ್ಕೆವು. ನಾನು ಮಾತ್ರ ಅರ್ಧ ಮನಸ್ಸಿನಿಂದ ನಕ್ಕೆ, ಯಾಕೆಂದರೆ ಆ ಶೆಡ್ಡಿನಲ್ಲಿ ನನ್ನ ಎರಡು ವರ್ಷದ ಬೋನಸ್ಸೂ ಇತ್ತು.

ಆಗಿದ್ದಿಷ್ಟು. ಮೂರು ವರ್ಷದ ಹಿಂದೆ ಒಂದು ಕಂಪನಿಯವರು ಹಳ್ಳಿಗೆ ಬಂದು ಸಭೆ ಮಾಡಿದ್ದರು. "ಬೀಜ ನಾವೇ ಕೊಡ್ತೀವಿ, ಬೆಳೆದ ಅಣಬೆ ಒಣಗಿಸಿ ಇಡಿ, ನಾವೇ ಬಂದು ಕೊಂಡ್ಕೋತೀವಿ" ಅಂತ. ಸ್ಟಾಂಪ್ ಪೇಪರಿನ ಮೇಲೆ ಒಪ್ಪಂದವೂ ಆಯಿತು. ಮಾವ ಸೊಸೈಟಿಯಲ್ಲಿ ಸಾಲ ತೆಗೆದರು, ಉಳಿದದ್ದನ್ನು ನಾನು ಹಾಕಿದೆ. ತೆಂಗಿನ ಗರಿಯ ಶೆಡ್ಡು, ಒಳಗೆ ಹಗ್ಗಕ್ಕೆ ನೇತು ಹಾಕಿದ ಇನ್ನೂರು ಚೀಲ. ನಾನಂತೂ ಬೆಂಗಳೂರಿನಿಂದ ಒಂದು ಪುಟ್ಟ ಸರ್ಕ್ಯೂಟ್ ಮಾಡಿಕೊಂಡು ಹೋಗಿ ಉಷ್ಣಾಂಶ, ತೇವಾಂಶ ಎರಡೂ ಮೊಬೈಲಿನಲ್ಲಿ ಕಾಣುವ ಹಾಗೆ ಮಾಡಿ ಬೀಗಿದ್ದೆ. ಮೊದಲ ಬೆಳೆ ಚೆನ್ನಾಗಿ ಬಂತು. ಕಂಪನಿಯವರು ಬಂದು ತೂಕ ಹಾಕಿ ದುಡ್ಡೂ ಕೊಟ್ಟರು. ಎರಡನೆಯ ಬೆಳೆಗೆ ಅರ್ಧ ದುಡ್ಡು. ಮೂರನೆಯ ಸಲ ಅವರು ಕಳಿಸಿದ ಬೀಜದಲ್ಲೇ ಏನೋ ಐಬಿತ್ತೋ, ನಮ್ಮ ಕೈಯಲ್ಲೇ ತಪ್ಪಾಯಿತೋ, ಚೀಲಗಳೆಲ್ಲ ಹಸಿರು ಬೂಷ್ಟು ಹಿಡಿದು ಹೋದವು. ಆಮೇಲೆ ಕಂಪನಿಯವರ ಫೋನ್ ಸ್ವಿಚ್ ಆಫ್. ನನ್ನ ಸರ್ಕ್ಯೂಟ್ ಮಾತ್ರ ಕೊನೆಯವರೆಗೂ ನಿಯತ್ತಾಗಿ 85 ಪರ್ಸೆಂಟ್ ತೇವಾಂಶ ಅಂತ ತೋರಿಸುತ್ತಲೇ ಇತ್ತು.

ಈಗ ಆ ಶೆಡ್ಡಿನಲ್ಲಿ ಸೌದೆ ಇದೆ. ಸಾಲ ಇನ್ನೂ ಪೂರ್ತಿ ತೀರಿಲ್ಲ. ಮಾವನಿಗೆ ಮಾತ್ರ ಅಣಬೆಯ ಮೇಲಿನ ಆಸೆ ಹೋಗಿಲ್ಲ. "ಒಂದ್ಸಲ ಬಂದಿತ್ತಲ್ಲಪ್ಪಾ, ಬೆಳ್ಳಗೆ ಹೂ ಅರಳಿದಂಗೆ ಬಂದಿತ್ತು" ಅನ್ನುತ್ತಾರೆ.

ಹಾಗಾದರೆ ತಪ್ಪಿದ್ದು ಎಲ್ಲಿ? ಕೋಡಿನಲ್ಲಿ ತಪ್ಪಾದರೆ ನಾವು ಹಿಂದಿನ ಹಿಸ್ಟರಿ ತೆಗೆದು ನೋಡುತ್ತೇವಲ್ಲ, ಹಾಗೆಯೇ ಅಣಬೆ ಬೇಸಾಯದ ಹಿಸ್ಟರಿ ತೆಗೆದು ಕೂತೆ.

*

ಮನುಷ್ಯರಿಗಿಂತ ಎಷ್ಟೋ ಮೊದಲೇ ಅಣಬೆ ಬೇಸಾಯ ಮಾಡಿದ್ದು ಗೆದ್ದಲು! ಮಳೆ ಬಿದ್ದ ಮೇಲೆ ಹುತ್ತದ ಸುತ್ತ ಏಳುತ್ತವಲ್ಲ, ನಮ್ಮ ಮಲೆನಾಡಿನವರು, ಕೊಡಗಿನವರು ಹುಡುಕಿಕೊಂಡು ಹೋಗಿ ಕಿತ್ತು ತರುವ ಅಣಬೆ, ಅದು ಗೆದ್ದಲಿನ ತೋಟದ ಬೆಳೆ. ಹುತ್ತದೊಳಗೆ ಗೆದ್ದಲುಗಳು ಎಲೆ, ಕಡ್ಡಿ ಅಗಿದು ಹಾಸಿ ಅದರ ಮೇಲೆ ಈ ಶಿಲೀಂಧ್ರವನ್ನು ಸಾಕುತ್ತವೆ. ಸುಮಾರು 3 ಕೋಟಿ ವರ್ಷಗಳಿಂದ ಈ ಕೆಲಸ ಮಾಡುತ್ತಿವೆ ಎಂದು ವಿಜ್ಞಾನಿಗಳು ಹೇಳುತ್ತಾರೆ. ಮನುಷ್ಯನಿಗೆ ಈ ಹುತ್ತದ ಅಣಬೆಯನ್ನು ಶೆಡ್ಡಿನಲ್ಲಿ ಲಾಭಕ್ಕೆ ಬೆಳೆಯುವ ವಿದ್ಯೆ ಇವತ್ತಿಗೂ ಒಲಿದಿಲ್ಲ. ಅದಕ್ಕೇ ಮಳೆಗಾಲದಲ್ಲಿ ರಸ್ತೆ ಬದಿ ಮಾರುವವರು ಹೇಳಿದ್ದೇ ರೇಟು.

ಮನುಷ್ಯರ ಪೈಕಿ ಚೀನಾದವರೇ ಮೊದಲಿಗರು. 1313ರಲ್ಲಿ ವಾಂಗ್ ಝೆನ್ ಎಂಬಾತ ಬರೆದ ಕೃಷಿ ಗ್ರಂಥದಲ್ಲಿ ಶಿಟಾಕೆ ಅಣಬೆ ಬೆಳೆಯುವ ಕ್ರಮ ಇದೆ. ಮರ ಕಡಿದು ಉರುಳಿಸಿ, ಕೊಡಲಿಯಿಂದ ಅಲ್ಲಲ್ಲಿ ಕಚ್ಚು ಹಾಕಿ, ಎಲೆ ಮಣ್ಣು ಮುಚ್ಚಿ ಬಿಡಬೇಕು. ಕಾಲ ಬಂದಾಗ ಮರದ ದಿಮ್ಮಿಯನ್ನು ದೊಣ್ಣೆಯಿಂದ ಬಡಿದು ಅಣಬೆಯನ್ನು 'ಎಬ್ಬಿಸಬೇಕು'! ತಮಾಷೆ ಅನ್ನಿಸಿದರೂ ಹೀಗೆ ಬಡಿದರೆ ಅಣಬೆ ಏಳುವುದನ್ನು ಇವತ್ತಿನ ಶಿಟಾಕೆ ಬೆಳೆಗಾರರೂ ಕಂಡಿದ್ದಾರೆ. ಗಮನಿಸಿ, ಇಲ್ಲಿ ಪ್ರಯೋಗಶಾಲೆಯ ಬೀಜ ಅನ್ನುವುದೇ ಇಲ್ಲ. ಬೆಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಪೂರ್ತಿ ದೇವರ ದಯೆ.

ನಮ್ಮಲ್ಲಿ ಇದರ ಗೊಡವೆಗೇ ಹೋಗಿರಲಿಲ್ಲ. ಮನುಸ್ಮೃತಿಯಲ್ಲಿ ಬೆಳ್ಳುಳ್ಳಿ, ಈರುಳ್ಳಿಯ ಜೊತೆಗೇ ಅಣಬೆಯನ್ನೂ ದ್ವಿಜರು ತಿನ್ನಬಾರದು ಎಂದು ಪಟ್ಟಿ ಮಾಡಿಟ್ಟಿದ್ದಾರೆ. ಕನ್ನಡದಲ್ಲಂತೂ ಇದಕ್ಕಿರುವ ಇನ್ನೊಂದು ಹೆಸರು 'ನಾಯಿಕೊಡೆ'. ಹೆಸರಿನಲ್ಲೇ ಅಸಡ್ಡೆ ಇದೆ. ಹಾಗಂತ ಎಲ್ಲರೂ ಬಿಟ್ಟಿದ್ದರು ಅಂತಲ್ಲ. ಕೊಡಗಿನ ಕುಮ್ಮು ಕರಿಯ ರುಚಿ ಕಂಡವರನ್ನು ಕೇಳಿ.

*

ಇವತ್ತು ಸೂಪರ್ ಮಾರ್ಕೆಟ್ಟಿನಲ್ಲಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಗುವ ಬಿಳಿ ಬಟನ್ ಅಣಬೆಯ ಕಥೆ ಶುರುವಾಗುವುದು ಪ್ಯಾರಿಸ್ಸಿನಲ್ಲಿ, ಅದೂ ಕುದುರೆ ಲದ್ದಿಯ ಗುಡ್ಡೆಯ ಮೇಲೆ.

1650ರ ಆಸುಪಾಸು. ಪ್ಯಾರಿಸ್ ಸುತ್ತಮುತ್ತ ಕರಬೂಜ ಬೆಳೆಯುತ್ತಿದ್ದ ರೈತರು ಪಾತಿಗೆ ಕುದುರೆ ಲದ್ದಿಯ ಗೊಬ್ಬರ ಹಾಕುತ್ತಿದ್ದರು. ಬೆಳೆ ಮುಗಿದ ಮೇಲೆ ಆ ಹಳೆ ಗೊಬ್ಬರದ ಮೇಲೆ ಅಣಬೆ ಏಳುವುದನ್ನು ನೋಡಿದರು. ಗೊಬ್ಬರದೊಳಗೆ ಹಬ್ಬಿದ ಬಿಳಿ ದಾರದಂಥ ಜಾಲವನ್ನು ಕಿತ್ತು ಹೊಸ ಗೊಬ್ಬರದಲ್ಲಿ ಹೂತರೆ ಅಲ್ಲೂ ಅಣಬೆ ಬರುತ್ತದೆ ಎಂದು ಕಂಡುಕೊಂಡರು. 1707ರಲ್ಲಿ ತೂರ್ನಫೋರ್ ಎಂಬ ಸಸ್ಯಶಾಸ್ತ್ರಜ್ಞ ಈ ಪದ್ಧತಿಯನ್ನು ವಿವರವಾಗಿ ಬರೆದಿಟ್ಟ. ನಮ್ಮ ಮನೆಗಳಲ್ಲಿ ಹೆಪ್ಪು ಹಾಕಿದ ಹಾಗೆ ಅನ್ನಿ. ನಿನ್ನೆಯ ಮೊಸರಿನಿಂದ ಇವತ್ತಿನ ಮೊಸರು.

ನಂತರ ಯಾರಿಗೋ ಹೊಳೆಯಿತು, ಈ ಬೆಳೆಗೆ ಬಿಸಿಲೇ ಬೇಡವಲ್ಲ ಅಂತ. ಅಣಬೆಯಲ್ಲಿ ಪತ್ರಹರಿತ್ತು ಇಲ್ಲ, ಅದು ತನ್ನ ಊಟವನ್ನು ಬಿಸಿಲಿನಿಂದ ಮಾಡಿಕೊಳ್ಳುವುದಿಲ್ಲ. ಪ್ಯಾರಿಸ್ ನಗರದ ಕೆಳಗೆ ಕಟ್ಟಡದ ಕಲ್ಲು ತೆಗೆದು ಖಾಲಿಯಾದ ಮೈಲಿಗಟ್ಟಲೆ ಸುರಂಗಗಳಿದ್ದವು. ಹೊರಗೆ ಚಳಿಯಿರಲಿ ಸೆಖೆಯಿರಲಿ, ಒಳಗೆ ವರ್ಷವಿಡೀ ಒಂದೇ ತಂಪು, ಒಂದೇ ತೇವ. 19ನೇ ಶತಮಾನದ ಆರಂಭದಲ್ಲಿ ಬೆಳೆಗಾರರು ಒಬ್ಬೊಬ್ಬರಾಗಿ ಅಲ್ಲಿಗೆ ಇಳಿದರು. ಮೇಲೆ ಊರ ತುಂಬ ಗಾಡಿ ಎಳೆಯುವ ಕುದುರೆಗಳು, ಅವುಗಳ ಲದ್ದಿ ಕೆಳಗಿನ ಬೆಳೆಗೆ ಗೊಬ್ಬರ. ಕೆಳಗಿನ ಅಣಬೆ ಮೇಲಿನ ಹೋಟೆಲುಗಳಿಗೆ. ಫ್ರೆಂಚರು ಬಟನ್ ಅಣಬೆಯನ್ನು ಇವತ್ತಿಗೂ 'ಶಾಂಪಿನ್ಯೋ ದ ಪ್ಯಾರಿ', ಅಂದರೆ ಪ್ಯಾರಿಸ್ ಅಣಬೆ ಅಂತಲೇ ಕರೆಯುತ್ತಾರೆ.

ಇಲ್ಲಿ ನನಗೆ ಒಂದು ವಿಷಯ ಎದ್ದು ಕಾಣಿಸಿತು. ಬೀಜ, ಮನೆ, ಸಂತೆ. ಈ ಮೂರೂ ಒಂದೇ ಊರಿನಲ್ಲಿ ಕೂಡಿಬಂದವು. ಅಣಬೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರು. ಕಿತ್ತ ದಿನದಿಂದಲೇ ಬಾಡಲು ಶುರು. ಹೀಗಿರುವಾಗ ತಿನ್ನುವವನು ತಲೆಯ ಮೇಲೇ ವಾಸ ಮಾಡುವುದಕ್ಕಿಂತ ಭಾಗ್ಯ ಬೇಕೆ? ಈ ಮೂರು ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಮತ್ತೆ ಬರುತ್ತದೆ.

ಆದರೆ ಹೆಪ್ಪಿನಿಂದ ಹೆಪ್ಪು ಮಾಡುತ್ತಾ ಹೋದರೆ ಏನಾಗುತ್ತದೆ ಅಂತ ನಮ್ಮ ಅಮ್ಮಂದಿರಿಗೆ ಗೊತ್ತು. ಒಂದು ದಿನ ಮೊಸರು ಲೋಳೆಯಾಗುತ್ತದೆ. ಪ್ಯಾರಿಸ್ಸಿನಲ್ಲೂ ಅದೇ ಆಯಿತು. ಹಳೆ ಗೊಬ್ಬರದ ಜೊತೆ ರೋಗ, ಹುಳ, ಬೇರೆ ಬೂಷ್ಟುಗಳೂ ಹೊಸ ಪಾತಿಗೆ ಹೋಗುತ್ತಿದ್ದವು. ಇದಕ್ಕೆ ಮದ್ದು ಸಿಕ್ಕಿದ್ದು 1894ರಲ್ಲಿ. ಕೋಸ್ತಾಂತಾಂ ಮತ್ತು ಮಾತ್ರ್ಯೂಶೋ ಎಂಬ ಇಬ್ಬರು ಪ್ಯಾರಿಸ್ಸಿನ ವಿಜ್ಞಾನಿಗಳು ಪ್ರಯೋಗಶಾಲೆಯಲ್ಲಿ ಬೀಜಾಣು ಮೊಳೆಸಿ ಶುದ್ಧವಾದ ಅಣಬೆ ಬೀಜ ತಯಾರಿಸಿದರು. ಮುಂದೆ 1905ರಲ್ಲಿ ಅಮೆರಿಕದ ಡಗರ್, ಬೀಜಾಣುವೇ ಬೇಡ, ಒಳ್ಳೆಯ ಅಣಬೆಯ ಒಳಗಿನ ತಿರುಳಿನ ಒಂದು ಚೂರು ಸಾಕು, ಅದರಿಂದಲೇ ಬೀಜ ಎಬ್ಬಿಸಬಹುದು ಎಂದು ತೋರಿಸಿದ. 1932ರಲ್ಲಿ ಪೆನ್ಸಿಲ್ವೇನಿಯಾದ ಜೇಮ್ಸ್ ಸಿಂಡೆನ್, ಬೇಯಿಸಿದ ಧಾನ್ಯದ ಕಾಳುಗಳ ಮೇಲೆ ಅಣಬೆಯ ಜಾಲ ಹಬ್ಬಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಒಂದೊಂದು ಕಾಳೂ ಒಂದೊಂದು ಬೀಜ. ಗೊಬ್ಬರದಲ್ಲಿ ಚೆಲ್ಲಿ ಕಲೆಸಿದರೆ ಎಲ್ಲ ಕಡೆಯಿಂದ ಏಕಕಾಲಕ್ಕೆ ಹಬ್ಬುತ್ತದೆ. ನಮ್ಮ ಮಾವನ ಶೆಡ್ಡಿಗೆ ಪ್ಲಾಸ್ಟಿಕ್ ಚೀಲದಲ್ಲಿ ಬಂದ ಬೀಜ ಇದ್ದದ್ದೂ ಹೀಗೇ, ಜೋಳದ ಕಾಳಿನ ಮೇಲೆ. ಸುಮಾರು ತೊಂಬತ್ತು ವರ್ಷದ ಹಳೆ ಡಿಸೈನು, ಇನ್ನೂ ಪ್ರೊಡಕ್ಷನ್‌ನಲ್ಲಿದೆ.

*

ಸಿಂಡೆನ್ ಪೆನ್ಸಿಲ್ವೇನಿಯಾದವನಾಗಿದ್ದು ಆಕಸ್ಮಿಕವಲ್ಲ. 19ನೇ ಶತಮಾನದ ಕೊನೆಯಲ್ಲಿ ಅಲ್ಲಿನ ಕೆನೆಟ್ ಸ್ಕ್ವೇರ್ ಎಂಬ ಪುಟ್ಟ ಊರಿನಲ್ಲಿ ವಿಲಿಯಂ ಸ್ವೇನ್ ಎಂಬ ಕ್ವೇಕರ್ ಪಂಥದ ಹೂ ಬೆಳೆಗಾರನಿದ್ದ. ಗಾಜಿನ ಮನೆಯಲ್ಲಿ ಕಾರ್ನೇಶನ್ ಹೂ ಬೆಳೆಯುತ್ತಿದ್ದ. ಹೂವಿನ ಮಡಿಗಳ ಕೆಳಗಿನ ಕತ್ತಲೆ ಜಾಗ ಸುಮ್ಮನೆ ವ್ಯರ್ಥವಾಗುತ್ತಿದೆಯಲ್ಲ ಅಂತ ಅಲ್ಲಿ ಅಣಬೆ ಹಾಕಿದ. ಲಾಭ ಬಂತು, ಅಕ್ಕಪಕ್ಕದವರೂ ಹಾಕಿದರು. ಫಿಲಡೆಲ್ಫಿಯಾ, ನ್ಯೂಯಾರ್ಕ್ ಹತ್ತಿರವಿದ್ದವು. ಇವತ್ತು ಅಮೆರಿಕದಲ್ಲಿ ಬೆಳೆಯುವ ಅಣಬೆಯ ಅರ್ಧಕ್ಕಿಂತ ಹೆಚ್ಚು ಪೆನ್ಸಿಲ್ವೇನಿಯಾದ್ದು. ಅಣಬೆ ಕೀಳುವ ಕೈಗಳು ಮಾತ್ರ ಬದಲಾಗುತ್ತಾ ಬಂದವು. ಮೊದಲು ಇಟಲಿಯಿಂದ ವಲಸೆ ಬಂದವರು, ಆಮೇಲೆ ಪೋರ್ಟೊರಿಕೋದವರು, ಈಗ ಹೆಚ್ಚಾಗಿ ಮೆಕ್ಸಿಕೋದವರು.

ಇನ್ನೊಂದು ಸ್ವಾರಸ್ಯ. ಬಟನ್ ಅಣಬೆ ಮೊದಲು ಹೆಚ್ಚಾಗಿ ಕಂದು ಬಣ್ಣದ್ದೇ ಇತ್ತು. 1920ರ ದಶಕದಲ್ಲಿ ಪೆನ್ಸಿಲ್ವೇನಿಯಾದ ಒಂದು ತೋಟದಲ್ಲಿ ಕಂದು ಅಣಬೆಗಳ ನಡುವೆ ಹಾಲಿನಂತೆ ಬೆಳ್ಳಗಿನ ಅಣಬೆ ಎದ್ದಿತು. ಜನರಿಗೆ ಬಿಳಿ ಇಷ್ಟವಾಯಿತು, ಅದರಿಂದಲೇ ಬೀಜ ಮಾಡಿ ಹಂಚಿದರು. ಮುಂದೆ 1980ರ ಹೊತ್ತಿಗೆ ನೆದರ್ಲೆಂಡ್ಸಿನ ಗೆರ್ಡಾ ಫ್ರಿಟ್ಶೆ ಎಂಬ ವಿಜ್ಞಾನಿ ಹಾರ್ಸ್ಟ್ ಯು-1 ಎಂಬ ಮೊದಲ ಸಂಕರ ತಳಿಯನ್ನು ಕೊಟ್ಟರು. ಆಮೇಲೆ ಮಾರುಕಟ್ಟೆಗೆ ಬಂದ ಬಿಳಿ ತಳಿಗಳಲ್ಲಿ ಬಹುಪಾಲು ಅದರದೇ ನಕಲು ಅಥವಾ ತೀರಾ ಹತ್ತಿರದ ನೆಂಟರು. ಅಂದರೆ ಜಗತ್ತಿನಾದ್ಯಂತ ಬೆಳೆಯುತ್ತಿರುವುದು ಹೆಚ್ಚುಕಡಿಮೆ ಒಂದೇ ಅಣಬೆ, ಕಾಪಿ ಪೇಸ್ಟ್! ಒಂದೇ ಕೋಡನ್ನು ಎಲ್ಲರೂ ಕಾಪಿ ಮಾಡಿದರೆ ಒಂದೇ ಬಗ್ ಎಲ್ಲರ ಮನೆಗೂ ಹೋಗುತ್ತದೆ ಅಂತ ನಮಗೆ ಬೇರೆ ಹೇಳಬೇಕಿಲ್ಲ.

ಬಗ್‌ಗಳೂ ಬಂದವು. 1940ರ ದಶಕದ ಕೊನೆಗೆ ಪೆನ್ಸಿಲ್ವೇನಿಯಾದ ಲಾ ಫ್ರಾನ್ಸ್ ಸೋದರರ ತೋಟದಲ್ಲಿ ಅಣಬೆಗಳು ವಿಕಾರವಾಗಿ, ಕಾಲು ಉದ್ದ ತಲೆ ಚಿಕ್ಕದಾಗಿ ಹುಟ್ಟತೊಡಗಿದವು. ಕಾರಣ ತಿಳಿದಿದ್ದು 1962ರಲ್ಲಿ. ಬ್ರಿಟನ್ನಿನ ಹೋಲಿಂಗ್ಸ್ ಇಂಥ ರೋಗ ಬಿದ್ದ ಅಣಬೆಗಳಲ್ಲಿ ವೈರಸ್ ಕಂಡುಹಿಡಿದ. ಶಿಲೀಂಧ್ರಕ್ಕೂ ವೈರಸ್ ತಗಲುತ್ತದೆ ಎಂದು ಜಗತ್ತಿಗೆ ಗೊತ್ತಾಗಿದ್ದೇ ಆಗ. 1985ರಲ್ಲಿ ಉತ್ತರ ಐರ್ಲೆಂಡಿನಲ್ಲಿ ಹಸಿರು ಬೂಷ್ಟಿನ ಪಿಡುಗು ಕಾಣಿಸಿಕೊಂಡು ಮುಂದೆ ಅಮೆರಿಕ, ಕೆನಡಾಕ್ಕೂ ಹೋಯಿತು. ಟ್ರೈಕೋಡರ್ಮಾ ಅಂತ ಅದರ ಹೆಸರು. ನಮ್ಮ ತೋಟಗಳಲ್ಲಿ ಅದೇ ಜಾತಿಯ ಶಿಲೀಂಧ್ರವನ್ನು ಬೇರು ಕೊಳೆಯದಿರಲಿ ಎಂದು ದುಡ್ಡು ಕೊಟ್ಟು ತಂದು ಹಾಕುತ್ತೇವೆ. ಬೇರೆ ಶಿಲೀಂಧ್ರಗಳನ್ನು ತಿಂದು ಹಾಕುವುದು ಅದರ ಸ್ವಭಾವ. ಅಡಿಕೆ ಮರದ ಬುಡದಲ್ಲಿ ಅದು ಮಿತ್ರ, ಅಣಬೆ ಶೆಡ್ಡಿನಲ್ಲಿ ಯಮ. ಮಾವನ ಚೀಲಗಳಲ್ಲಿ ಕಂಡಿದ್ದೂ ಇಂಥದೇ ಹಸಿರು. ಇದನ್ನು ಓದುವಾಗ, ಮೂರನೇ ಬೆಳೆಯ ಸಮಯದಲ್ಲಿ ಪಕ್ಕದ ತೋಟಕ್ಕೆ ಹಾಕಲು ತಂದ ಗೊಬ್ಬರದ ಮೂಟೆಗಳನ್ನು ಅದೇ ಶೆಡ್ಡಿನ ಬಾಗಿಲಲ್ಲಿ ಇಟ್ಟಿದ್ದು ನೆನಪಾಗಿ ಹೊಟ್ಟೆಯೊಳಗೆ ಒಂಥರಾ ಆಯಿತು. ಅದೇ ಕಾರಣ ಅಂತ ಹೇಳಲಾರೆ. ಆದರೆ ಅಲ್ಲಿ ಇಡಬಾರದಿತ್ತು. ಇಟ್ಟವನು ನಾನೇ.

*

ಈಗ ನಮ್ಮ ದೇಶಕ್ಕೆ ಬರೋಣ. ಕೊಯಮತ್ತೂರಿನಲ್ಲಿ 1940ರ ದಶಕದಲ್ಲೇ ಭತ್ತದ ಹುಲ್ಲಿನ ಮೇಲೆ ಬೆಳೆಯುವ ಅಣಬೆಯ ಪ್ರಯೋಗಗಳಾಗಿದ್ದವು. ಬಟನ್ ಅಣಬೆಯ ಕೆಲಸ ಗಂಭೀರವಾಗಿ ಶುರುವಾದದ್ದು 1961ರಲ್ಲಿ, ಹಿಮಾಚಲದ ಸೋಲನ್‌ನಲ್ಲಿ. ಬೆಟ್ಟದ ಊರು, ತಂಪು ಹವೆ. 1960ರ ದಶಕದಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯಿಂದ ಮ್ಯಾಂಟೆಲ್ ಎಂಬ ತಜ್ಞರು ಬಂದು ನೆರವಾದರು, 1970ರ ದಶಕದಲ್ಲಿ ಹೇಯ್ಸ್ ಎಂಬುವರು ಬಂದು ಗೊಬ್ಬರ ಮಾಡುವ ಕ್ರಮ ಸುಧಾರಿಸಿದರು. 1983ರಲ್ಲಿ ಅಲ್ಲಿ ರಾಷ್ಟ್ರೀಯ ಅಣಬೆ ಸಂಶೋಧನೆ ಮತ್ತು ತರಬೇತಿ ಕೇಂದ್ರ ಸ್ಥಾಪನೆಯಾಯಿತು. ಈಗ ಅದು ಅಣಬೆ ಸಂಶೋಧನಾ ನಿರ್ದೇಶನಾಲಯ. 1997ರ ಸೆಪ್ಟೆಂಬರ್ 10ರಂದು ಸೋಲನ್ ಅನ್ನು 'ಭಾರತದ ಅಣಬೆ ನಗರ' ಎಂದು ಘೋಷಿಸಿದರು.

ನಾನು ಕುರ್ಚಿಯಿಂದ ಎದ್ದು ಕೂತಿದ್ದು ಮುಂದಿನ ಸಂಗತಿ ಓದಿದಾಗ. ಬಟನ್ ಅಣಬೆಗೆ ತಂಪು ಬೇಕು. ಬಯಲುಸೀಮೆಯವರು ಏನು ಮಾಡಬೇಕು? ಅದಕ್ಕೆ ಚಿಪ್ಪು ಅಣಬೆ. 1917ರಲ್ಲಿ ಜರ್ಮನಿಯ ಫಾಲ್ಕ್ ಇದನ್ನು ಮರದ ಬೊಡ್ಡೆಗಳ ಮೇಲೆ ಬೆಳೆದು ತೋರಿಸಿದ್ದ. ಅದನ್ನು ಮರದಿಂದ ಇಳಿಸಿ ನಮ್ಮ ಭತ್ತದ ಹುಲ್ಲಿಗೆ ತಂದವರು ಯಾರು ಗೊತ್ತೆ? ಮೈಸೂರಿನ ಸಿಎಫ್‌ಟಿಆರ್‌ಐನ ಝಕಿಯಾ ಬಾನೊ ಮತ್ತು ಎಚ್.ಸಿ. ಶ್ರೀವಾಸ್ತವ. 1962ರಲ್ಲಿ. ಚೆಲುವಾಂಬ ಮಹಲಿನ ಆ ಸಂಸ್ಥೆಯ ಮುಂದೆ ನಾನು ಕಾಲೇಜಿನ ದಿನಗಳಲ್ಲಿ ನೂರು ಸಲ ಬಸ್ಸಿನಲ್ಲಿ ಓಡಾಡಿದ್ದೇನೆ. ಮಾವನ ಊರಿಂದ ಒಂದು, ಒಂದೂವರೆ ಗಂಟೆ ದಾರಿ. ಝಕಿಯಾ ಬಾನೊ ಮುಂದೆ ದಶಕಗಳ ಕಾಲ ಅಣಬೆಯ ಮೇಲೇ ಕೆಲಸ ಮಾಡಿದರು. 1980ರ ದಶಕದಲ್ಲಿ ಎಸ್. ರಾಜರತ್ನಂ ಅವರ ಜೊತೆ ಚಿಪ್ಪು ಅಣಬೆಯ ಬಗ್ಗೆ ಬರೆದ ದೀರ್ಘ ಸಮೀಕ್ಷಾ ಲೇಖನಗಳನ್ನು ಹೊರದೇಶದವರೂ ಉಲ್ಲೇಖಿಸುತ್ತಾರೆ. ಇಷ್ಟಾದರೂ ನಮ್ಮೂರಿಗೆ ಆ ವಿದ್ಯೆ ತಲುಪಿದ್ದು ಅರವತ್ತು ವರ್ಷ ಕಳೆದು, ಅದೂ ಮೋಸ ಮಾಡಿ ಹೋದ ಒಂದು ಕಂಪನಿಯ ಮೂಲಕ! ನಗಬೇಕೋ ಅಳಬೇಕೋ ತಿಳಿಯಲಿಲ್ಲ.

1974ರ ಸುಮಾರಿಗೆ ಸೋಲನ್‌ನ ಜಂಡಾಯಿಕ್ ಎಂಬ ವಿಜ್ಞಾನಿ, ಹಿಮಾಲಯದ ತಪ್ಪಲಿನ ಕಳ್ಳಿಯ ಮೇಲೆ ಬೆಳೆಯುತ್ತಿದ್ದ ಇನ್ನೊಂದು ಚಿಪ್ಪು ಅಣಬೆಯನ್ನು ಬೇಸಾಯಕ್ಕೆ ತಂದರು. ಅದು ಸೆಖೆಯನ್ನೂ ತಡೆಯುತ್ತದೆ, ಬೇಗ ಬೆಳೆಯುತ್ತದೆ. ದೇಶದ ಉದ್ದಗಲಕ್ಕೂ ಹಬ್ಬಿತು. ಅದೇ 1974ರಲ್ಲಿ ಪಶ್ಚಿಮ ಬಂಗಾಳದಿಂದ ಹಾಲಿನ ಬಣ್ಣದ ಮತ್ತೊಂದು ದಪ್ಪ ಅಣಬೆಯನ್ನು ವಿಜ್ಞಾನಿಗಳು ಗುರುತಿಸಿ ಹೆಸರಿಟ್ಟರು. ಅದು 1990ರ ದಶಕದಲ್ಲಿ ತಮಿಳುನಾಡಿನಲ್ಲಿ ವಾಣಿಜ್ಯ ಬೆಳೆಯಾಯಿತು. ಈ ಹಾಲು ಅಣಬೆ ಬಿಸಿಲು ನಾಡಿಗೆ ಹೇಳಿ ಮಾಡಿಸಿದ್ದು, ಚಿಪ್ಪು ಅಣಬೆಗಿಂತ ಹೆಚ್ಚು ದಿನ ಕೆಡದೆ ಇರುತ್ತದೆ.

*

ಹಾಗಾದರೆ ಬೀಜ ಬಂತು, ಮನೆ ಬಂತು. ಸಂತೆ?

1991ರ ಉದಾರೀಕರಣದ ನಂತರ ಅಣಬೆಗೆ ಒಂಥರಾ ಗೋಲ್ಡ್ ರಷ್. ಹಾಲೆಂಡಿನ ತಂತ್ರಜ್ಞಾನ, ಕೋಟಿಗಟ್ಟಲೆ ಬಂಡವಾಳ, ಏಸಿ ಕೋಣೆಗಳು, ಡಬ್ಬಿಯಲ್ಲಿ ತುಂಬಿ ಅಮೆರಿಕಕ್ಕೆ ರಫ್ತು. ಪಂಜಾಬ್, ಪುಣೆ, ಡೆಹ್ರಾಡೂನ್, ನೀಲಗಿರಿ ಹೀಗೆ ಎಲ್ಲೆಡೆ ದೊಡ್ಡ ಘಟಕಗಳು. ಆದರೆ ಅದೇ ಹೊತ್ತಿಗೆ ಚೀನಾ ಎದ್ದು ನಿಂತಿತ್ತು. 1978ರಲ್ಲಿ ಚೀನಾದ ಅಣಬೆ ಸುಮಾರು 60 ಸಾವಿರ ಟನ್, ಜಗತ್ತಿನ ಉತ್ಪಾದನೆಯಲ್ಲಿ ನೂರಕ್ಕೆ ಆರರಷ್ಟೂ ಇರಲಿಲ್ಲ. ಇವತ್ತು ಜಗತ್ತಿನ ಮುಕ್ಕಾಲು ಪಾಲಿಗಿಂತ ಹೆಚ್ಚು ಅವರದ್ದೇ. ಅಗ್ಗದ ಡಬ್ಬಿ ಅಣಬೆಯಿಂದ ತಮ್ಮ ಬೆಳೆಗಾರರಿಗೆ ಏಟು ಬೀಳುತ್ತಿದೆ ಎಂದು 1999ರಲ್ಲಿ ಅಮೆರಿಕ, ಚೀನಾ ಮತ್ತು ಇಂಡೋನೇಷ್ಯಾದ ಜೊತೆಗೆ ಭಾರತದ ಡಬ್ಬಿ ಅಣಬೆಯ ಮೇಲೂ ಆಂಟಿ ಡಂಪಿಂಗ್ ಸುಂಕ ಹಾಕಿತು. ಸಾಲ ಮಾಡಿ ಕಟ್ಟಿದ ಎಷ್ಟೋ ಘಟಕಗಳು ಆ ವರ್ಷಗಳಲ್ಲಿ ಬಾಗಿಲು ಮುಚ್ಚಿದವು. ಏಸಿ ಕೋಣೆ, ಶುದ್ಧ ಬೀಜ, ಎಲ್ಲ ಇತ್ತು. ಕೊಳ್ಳುವವನು ಮಾತ್ರ ಹನ್ನೆರಡು ಸಾವಿರ ಕಿಲೋಮೀಟರ್ ದೂರದಲ್ಲಿದ್ದ, ಅವನ ಸರ್ಕಾರ ಒಂದು ಕಾಗದಕ್ಕೆ ಸಹಿ ಹಾಕಿದರೆ ಮುಗಿಯಿತು.

ಇದೇ ಕಾಲದಲ್ಲಿ ಹರಿಯಾಣದ ಸೋನಿಪತ್ ಕಡೆಯ ರೈತರು ಬೇರೆ ದಾರಿ ಹಿಡಿದಿದ್ದರು. ಬಿದಿರು, ಹುಲ್ಲು, ಪ್ಲಾಸ್ಟಿಕ್ ಹಾಳೆಯ ಗುಡಿಸಲು. ಏಸಿ ಇಲ್ಲ, ಚಳಿಗಾಲವೇ ಏಸಿ. ಗೋಧಿ ಹುಲ್ಲು ಮನೆಯದೇ. ವರ್ಷಕ್ಕೆ ಒಂದೇ ಬೆಳೆ, ಬೇಸಿಗೆ ಬಂದರೆ ಗುಡಿಸಲು ಬಿಚ್ಚಿಡುವುದು. ರಾತ್ರಿ ಕಿತ್ತಿದ್ದು ಬೆಳಿಗ್ಗೆ ದೆಹಲಿಯ ಮಂಡಿಯಲ್ಲಿ. ಇಳುವರಿ ಕಡಿಮೆ, ರೇಟು ಬಿದ್ದರೆ ಅವರೂ ಅಳುತ್ತಾರೆ. ಆದರೂ ಉಳಿದುಕೊಂಡರು. ಒಡಿಶಾದಲ್ಲಿ ಭತ್ತದ ಹುಲ್ಲಿನ ಅಣಬೆ ಉಳಿದಿದ್ದೂ ಹಾಗೆ, ಯಾಕೆಂದರೆ ಅಲ್ಲಿನ ಜನಕ್ಕೆ ಅದು ಅಚ್ಚುಮೆಚ್ಚು. ಮಾಂಸದ ಊಟದಷ್ಟೇ ಗೌರವ. ಆ ಅಣಬೆ ಒಂದೆರಡು ದಿನವೂ ತಡೆಯುವುದಿಲ್ಲ, ಆದರೆ ತಿನ್ನುವವನು ಪಕ್ಕದ ಬೀದಿಯಲ್ಲೇ ಇದ್ದಾನಲ್ಲ. ಈಚಿನ ವರ್ಷಗಳಲ್ಲಿ ಬಿಹಾರ ದೇಶದ ಮುಂಚೂಣಿಗೆ ಬಂದಿದೆ. ಅಲ್ಲೂ ಸಣ್ಣ ಸಣ್ಣ ಬೆಳೆಗಾರರು, ಅವರಲ್ಲಿ ತುಂಬಾ ಜನ ಹೆಂಗಸರು.

ಪ್ಯಾರಿಸ್ಸಿನ ಸುರಂಗದಿಂದ ಸೋನಿಪತ್ ಗುಡಿಸಲಿನವರೆಗೆ ನನಗೆ ಕಂಡಿದ್ದು ಒಂದೇ. ಅಣಬೆ ಬೇಸಾಯ ಬೇರೂರಿದ್ದು ಕೊಳ್ಳುವವನು ಒಂದು ರಾತ್ರಿಯ ದಾರಿಯೊಳಗೆ ಇದ್ದ ಕಡೆ. ಒಣಗಿಸಿ, ಡಬ್ಬಿಗೆ ತುಂಬಿ ದೂರ ಕಳಿಸುವ ಕಡೆ ಅದರ ಜುಟ್ಟು ಬೇರೆಯವರ ಕೈಗೆ ಹೋಯಿತು. ನಮ್ಮ ಮಾವನದ್ದು ಎರಡನೆಯ ಜಾತಿ. ಹತ್ತು ಕಿಲೋ ಹಸಿ ಅಣಬೆ ಒಣಗಿಸಿದರೆ ಬರುವುದು ಒಂದು ಕಿಲೋ. ಆ ಒಂದು ಕಿಲೋ ಕೊಳ್ಳುವವನು ಊರಿಗೆಲ್ಲ ಒಬ್ಬನೇ. ಬೀಜ ಕೊಡುವವನೂ ಅವನೇ. ಒಂದೇ ಸರ್ವರ್ ಮೇಲೆ ಎಲ್ಲವನ್ನೂ ಇಟ್ಟು ಬ್ಯಾಕಪ್ ಇಲ್ಲದೆ ಮಲಗಿದ ಹಾಗೆ. ಬೇರೆಯವರ ಸಿಸ್ಟಂನಲ್ಲಿ ಈ ದೋಷ ಹುಡುಕಲು ನನಗೆ ಸಂಬಳ ಕೊಡುತ್ತಾರೆ. ಸ್ವಂತ ಮಾವನ ಒಪ್ಪಂದಕ್ಕೆ ಸಾಕ್ಷಿ ಸಹಿ ಹಾಕುವಾಗ ಅದು ಕಾಣಲಿಲ್ಲ.

*

ಹೋದ ಭಾನುವಾರ ಮಾವನಿಗೆ ಫೋನ್ ಮಾಡಿ ಓದಿದ್ದನ್ನೆಲ್ಲ ಹೇಳಿದೆ. ಕಥೆ ಕೇಳಿದ ಹಾಗೆ ಕೇಳಿದರು. ದೊಣ್ಣೆಯಿಂದ ಬಡಿದು ಎಬ್ಬಿಸುವುದಕ್ಕೆ ಜೋರಾಗಿ ನಕ್ಕರು. ಗೊಬ್ಬರದ ಮೂಟೆಯ ವಿಷಯವನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೋಗ್ಲಿ ಬಿಡು, ನಂಗೂ ಗೊತ್ತಿರ್ಲಿಲ್ಲ, ನಿಂಗೂ ಗೊತ್ತಿರ್ಲಿಲ್ಲ" ಅಂದರು. ಇಷ್ಟು ದಿನ ಎಲ್ಲ ತಪ್ಪನ್ನೂ ಕಂಪನಿಯವರ ಮೇಲೆ ಹಾಕಿ ಆರಾಮಾಗಿದ್ದ ನನಗೆ ಆ ಮಾತು ಕೇಳಿ ಗಂಟಲು ಕಟ್ಟಿತು.

ಕೊನೆಗೆ ನಾನು ಕೊಟ್ಟ ಉತ್ತರ ಇದು. ಇನ್ನೂರು ಚೀಲ ಬೇಡ ಮಾವ, ಇಪ್ಪತ್ತು ಸಾಕು. ಸಾಲ ಬೇಡವೇ ಬೇಡ. ಹಳೆ ಶೆಡ್ಡಿನ ಸೌದೆ ತೆಗೆದು, ಸುಣ್ಣ ಬಳಿದು ಚೊಕ್ಕ ಮಾಡೋಣ. ಗೊಬ್ಬರದ ಮೂಟೆ ಅದರ ಹತ್ತಿರಕ್ಕೂ ಬರಕೂಡದು. ಹುಲ್ಲನ್ನು ರಾತ್ರಿ ನೆನೆಸಿ ಬಿಸಿ ನೀರಿನಲ್ಲಿ ಬೇಯಿಸುವುದನ್ನು ಯಾರೋ ಕೂಲಿಯವರಿಗೆ ಬಿಡದೆ ನೀವೇ ನಿಂತು ಮಾಡಿಸಿ. ಬೀಜವನ್ನು ಹೆಸರಘಟ್ಟದ ತೋಟಗಾರಿಕೆ ಸಂಸ್ಥೆಯಿಂದ ನಾನು ತಂದುಕೊಡುತ್ತೇನೆ, ಅಲ್ಲಿ ತರಬೇತಿಯನ್ನೂ ಕೊಡುತ್ತಾರೆ, ಇಬ್ಬರೂ ಹೋಗೋಣ. ಅಣಬೆ ಅರಳಿ ನಿಂತಾಗ ಬೀಜಾಣುವಿನ ಧೂಳು ಶ್ವಾಸಕ್ಕೆ ಒಳ್ಳೆಯದಲ್ಲ, ಮೂಗಿಗೆ ಬಟ್ಟೆ ಕಟ್ಟದೆ ಒಳಗೆ ಹೋಗಬೇಡಿ. ಎಲ್ಲಕ್ಕಿಂತ ಮೊದಲು, ಒಂದು ಚೀಲವನ್ನೂ ಕಟ್ಟುವ ಮುಂಚೆ, ಕೆ.ಆರ್.ನಗರದಲ್ಲಿ, ಮೈಸೂರಿನಲ್ಲಿ ಹಸಿ ಅಣಬೆ ಕೊಳ್ಳುವ ಹತ್ತು ಅಂಗಡಿ, ಹೋಟೆಲು ಹುಡುಕಬೇಕು. ಹತ್ತು ಸಿಗದಿದ್ದರೆ ಹಸ ಕಟ್ಟೋಣ.

"ಹತ್ತು ಜನ ಸಿಕ್ಕಿದ್ರೆ?" ಅಂದರು ಮಾವ.

"ಸಿಕ್ಕಿದ್ರೆ ಶುರು ಮಾಡೋಣ ಮಾವ."

ಮೊನ್ನೆ ಅತ್ತೆ ಫೋನ್ ಮಾಡಿದ್ದರು. ಮಾವ ದಿನಾ ಬೆಳಿಗ್ಗೆ ಟಿವಿಎಸ್ ಹತ್ತಿ ಹೋಟೆಲ್ ಸುತ್ತುತ್ತಿದ್ದಾರಂತೆ. ಇಲ್ಲಿಯವರೆಗೆ ನಾಲ್ಕು ಸಿಕ್ಕಿದೆ. "ಇನ್ನಾರು ಸಿಗೋವರ್ಗೂ ಮನೇಲಿ ಕೂರಂಗಿಲ್ಲ ಅಂತವ್ರೆ, ನೀನೇ ಏನೋ ಹೇಳ್ಕೊಟ್ಟಿರ್ಬೇಕು" ಅಂತ ನನ್ನ ಮೇಲೇ ದೂರು.

ಇದನ್ನು ಓದುತ್ತಿರುವ ಯಾರಾದರೂ ಮೈಸೂರಿನ ಕಡೆಯವರಿದ್ದರೆ, ಹೋಟೆಲ್ ನಡೆಸುವವರ ಪರಿಚಯವಿದ್ದರೆ ದಯವಿಟ್ಟು ಒಂದು ಸಾಲು ಬರೆಯಿರಿ. ನಿಮ್ಮ ಮನೆಯಲ್ಲೇ ಯಾರಾದರೂ ಅಣಬೆ ಬೆಳೆದು ಗೆದ್ದಿದ್ದರೆ, ಅಥವಾ ನಮ್ಮ ಹಾಗೆ ಸೋತಿದ್ದರೆ, ಅದನ್ನೂ ಬರೆಯಿರಿ. ಆರು ಅಂಗಡಿ ಸಿಕ್ಕ ದಿನ ಇಲ್ಲೇ ತಿಳಿಸುತ್ತೇನೆ. ಸಿಗದಿದ್ದರೆ, ಹಸುವಿನ ಫೋಟೋ ಹಾಕುತ್ತೇನೆ :-)